ರಸೀದಿ ಪುಸ್ತಕವಿಲ್ಲದ ಸಂಘ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನಾರಾಯಣ ಮೇಘಾಜಿ ಲೋಖಂಡೆಯವರು ದೇಶದ ಮೊದಲ ಕಾರ್ಮಿಕ ಸಂಘ ಕಟ್ಟಿದವರು ಎಂದು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಸದಸ್ಯರ ಪಟ್ಟಿಯಿಲ್ಲ, ವಂತಿಗೆಯಿಲ್ಲ, ನಿಯಮಾವಳಿಯಿಲ್ಲ. ಅದೆಂಥ ಸಂಘ? ಗಿರಣಿಯಲ್ಲಿ ದುಡಿದು, ಸಂಘಕ್ಕಾಗಿ ವಂತಿಗೆ ಎತ್ತಿದವನು ಕೇಳುತ್ತಿದ್ದೇನೆ.’

ವಂತಿಗೆ ಎತ್ತಿದವರೊಡನೆ ವಾದಕ್ಕಿಳಿಯಲು ನಮಗೆ ಧೈರ್ಯವಿಲ್ಲ. ನೀವು ಹೇಳಿದ್ದು ನಿಜ. ಮುಂಬೈ ಗಿರಣಿ ಕಾರ್ಮಿಕರ ಸಂಘಕ್ಕೆ ಪಟ್ಟಿಯೂ ಇಲ್ಲ, ನಿಧಿಯೂ ಇಲ್ಲ, ಕೇಳಿಕೊಂಡು ಬಂದವರಿಗೆ ಲೋಖಂಡೆ ಸಲಹೆ ಕೊಡುತ್ತಾರಷ್ಟೇ ಎಂದು ಅಂದಿನ ಸರ್ಕಾರಿ ವರದಿಯೇ ಬರೆದಿಟ್ಟಿದೆ. ಸದಸ್ಯತ್ವ, ಚಂದಾ ಎಲ್ಲ ಇದ್ದ ಸಂಘ ಬೇಕೆಂದರೆ 1918ರ ಮದ್ರಾಸಿಗೆ, ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ ಬಿ.ಪಿ. ವಾಡಿಯಾ ಅವರ ಬಳಿಗೆ ಹೋಗಬೇಕು. ‘ಮೊದಲ’ ಎಂಬ ಪದವನ್ನು ಹಿಂತೆಗೆದುಕೊಂಡಿದ್ದೇವೆ.

ಆದರೆ ಮನುಷ್ಯನನ್ನು ಹಿಂತೆಗೆದುಕೊಳ್ಳಲಾರೆವು. ಗಿರಣಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ, ಜೋತಿಬಾ ಫುಲೆಯವರ ಬಳಗದ ಈ ಲೋಖಂಡೆ 1880ರಲ್ಲಿ ‘ದೀನಬಂಧು’ ಪತ್ರಿಕೆಯ ಹೊಣೆ ಹೊತ್ತರು. 1884ರಲ್ಲಿ ಸುಮಾರು 5,500 ಕೂಲಿಗಳ ಸಹಿಯಿದ್ದ ಮನವಿಯೊಂದು ಸಿದ್ಧವಾಯಿತು. ಕೇಳಿದ್ದೇನು? ವಾರಕ್ಕೊಂದು ರಜೆ, ಅದೂ ಭಾನುವಾರ; ಮಧ್ಯಾಹ್ನ ಅರ್ಧ ಗಂಟೆ ಬಿಡುವು; ಸಂಬಳ ಮುಂದಿನ ತಿಂಗಳ 15ರೊಳಗೆ ಕೈಗೆ ಬರಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ: ಹದಿನೈದು ದಿನ ತಡವಾದರೂ ಸರಿ, ಅದಕ್ಕಿಂತ ತಡ ಬೇಡ ಎಂದು ಬೇಡಬೇಕಾದ ಕಾಲವದು. ಬೆಳಕು ಹರಿದಾಗ ಹೂಡಿದ ಯಂತ್ರ ಕತ್ತಲಾದಾಗ ನಿಲ್ಲುತ್ತಿತ್ತು. ಹಗಲು ಹಿಗ್ಗುವ ಬೇಸಿಗೆಯಲ್ಲಿ ದುಡಿಮೆಯೂ ಹಿಗ್ಗುತ್ತಿತ್ತು.

ಭಾನುವಾರವೇ ಏಕೆ ಎಂಬುದಕ್ಕೆ ಅವರು ಕೊಟ್ಟರೆಂದು ಹೇಳುವ ಕಾರಣ ನಮಗಂತೂ ಇಷ್ಟ: ಅದು ಖಂಡೋಬನ ವಾರ. ನಮ್ಮ ಮೈಲಾರಲಿಂಗನೇ ಮರಾಠರ ಖಂಡೋಬ. ಆ ವಾರ ಯಾರದೆಂದು ಹಾವೇರಿ, ಬಳ್ಳಾರಿಯ ಭಕ್ತರಿಗೆ ನಾವು ಹೇಳಿಕೊಡಬೇಕಿಲ್ಲ. ಇಂಗ್ಲಿಷರ ಚರ್ಚಿನ ದಿನವೂ ಅದೇ ಆಗಿದ್ದರಿಂದ ಮಾಲೀಕರಿಗೆ ನುಣುಚಿಕೊಳ್ಳುವ ದಾರಿ ಕಿರಿದಾಯಿತು ಎಂಬುದು ನಮ್ಮ ಊಹೆ.

1890ರ ಏಪ್ರಿಲ್ 24ರಂದು ಮುಂಬೈಯಲ್ಲಿ ಸುಮಾರು 10,000 ಕಾರ್ಮಿಕರು ಸಭೆ ಸೇರಿದರು. ಇಬ್ಬರು ಹೆಂಗಸರು ಎದ್ದುನಿಂತು ಮಾತನಾಡಿದರು. ಅವರಿಗೆ ಯಾವ ಸಂಘ ರಸೀದಿ ಹರಿದುಕೊಟ್ಟಿತ್ತು ಹೇಳಿ! ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಏಳು ವರ್ಷ ಕಳೆಯುವಷ್ಟರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರ ಫೆಬ್ರವರಿಯಲ್ಲಿ ಅದು ಲೋಖಂಡೆಯವರನ್ನೂ ಒಯ್ದಿತು.

ಅಂದಹಾಗೆ, ನೀವು ವಂತಿಗೆ ಎತ್ತುತ್ತಿದ್ದ ಕಾಲದ ರಸೀದಿ ಪುಸ್ತಕ ಅಟ್ಟದ ಮೇಲೆಲ್ಲಾದರೂ ಉಳಿದಿದ್ದರೆ ಒಂದು ಹಾಳೆಯ ಫೋಟೋ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

– ಸಂ.