ಕಾಸರಗೋಡಿನ ನಮ್ಮ ರೈಲು ಹಳಿಯನ್ನೇ ಮನೆಯಲ್ಲಿ ಮಾದರಿ ಮಾಡಬಹುದಾ? ಅರ್ಧಕ್ಕೆ ನಿಂತ ಮಾದರಿ ರೈಲಿನ ಲೇಔಟನ್ನು ಮುಂದುವರಿಸುವುದು ಹೇಗೆ?

ನೀವು ಬರೆದದ್ದು ಇಷ್ಟು. ಉಪ್ಪಳದ ಮನೆಯಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಉಂಟು. ಅದರ ಮೇಲೆ ಎಚ್‌ಓ ಸ್ಕೇಲಿನ (ಮಾದರಿ ರೈಲಿನ ಒಂದು ಅಳತೆ) ಸ್ಟಾರ್ಟರ್ ಸೆಟ್ಟಿನ ಹಳಿ ಹಾಕಿದ್ದೀರಿ, ರೈಲು ಸುತ್ತುತ್ತದೆ. ಆದರೆ ವರ್ಷ ಕಳೆದರೂ ಹಲಗೆ ಹಲಗೆಯಾಗಿಯೇ ಉಳಿದಿದೆ. ಅದು ನಮ್ಮ ಊರಿನ ಹಾಗೆ ಕಾಣಬೇಕು, ಎಲ್ಲಿಂದ ಮುಂದುವರಿಸಲಿ ಎಂದು ಕೇಳಿದ್ದೀರಿ.

ನಾನು ಕುಂಬಳೆ ಕಡೆಯವನು. ನನ್ನದೂ ಎಚ್‌ಓ, ನನ್ನದೂ ಇದೇ ಹಳಿ. ನನ್ನ ಉತ್ತರ ಒಂದೇ: ಇಡೀ ಹಲಗೆಗೆ ಒಟ್ಟಿಗೆ ಕೈ ಹಾಕಬೇಡಿ. ಮುಂಭಾಗದ ಎರಡಡಿ ಆರಿಸಿ. ಮಣ್ಣು, ಜಲ್ಲಿ, ಮರ, ಗೋಡೆ, ಸ್ಟೇಷನ್ನಿನ ಹೆಸರಿನ ಬೋರ್ಡು ಎಲ್ಲ ಸೇರಿಸಿ ಅಷ್ಟನ್ನು ಪೂರ್ತಿ ಮುಗಿಸಿ. ಉಳಿದ ಕಡೆ ಬರೀ ಹಲಗೆ ಇರಲಿ, ಪರವಾಗಿಲ್ಲ. ಈ ಹವ್ಯಾಸದಲ್ಲಿ ಏಳೆಂಟು ಬೇರೆ ಬೇರೆ ಕೈಕೆಲಸ ಸೇರಿಕೊಂಡಿವೆ. ಆರಡಿಗೂ ಮೊದಲು ಮಣ್ಣು, ಆಮೇಲೆ ಆರಡಿಗೂ ಜಲ್ಲಿ ಎಂದು ಹೊರಟರೆ ಮರ ಮಾಡುವ ಖುಷಿಯ ಕೆಲಸ ಬರುವಷ್ಟರಲ್ಲಿ ಉತ್ಸಾಹ ಮುಗಿದಿರುತ್ತದೆ. ಎರಡಡಿಯಲ್ಲಾದರೆ ಎಲ್ಲ ಕೆಲಸವೂ ಒಂದು ಸಲ ಕೈಗೆ ಬರುತ್ತದೆ. ಮುಂದಿನ ಎರಡಡಿ ತಾನಾಗಿಯೇ ಚೆನ್ನಾಗಿ ಬರುತ್ತದೆ.

ಎಚ್‌ಓ ಅಂದರೆ 87ಕ್ಕೆ ಒಂದು, ನಿಜದ 87 ಸೆಂಟಿಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್. ಎರಡಡಿ ಅಂದರೆ ನಿಜದ ಹಳಿಯಲ್ಲಿ ಸುಮಾರು 53 ಮೀಟರ್. ಅಷ್ಟರಲ್ಲಿ ಒಂದು ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿ, ಹೆಸರಿನ ಬೋರ್ಡು, ಮುರಕಲ್ಲಿನ (ಜಂಬಿಟ್ಟಿಗೆಯ) ಒಂದು ಕಟ್ಟೆ, ಹಿಂದೆ ಅಡಿಕೆ ತೋಟ ಆರಾಮಾಗಿ ಹಿಡಿಯುತ್ತದೆ. ಇಡೀ ಕಾಸರಗೋಡು ಸ್ಟೇಷನ್ ಮಾಡುವ ಆಸೆ ಸದ್ಯಕ್ಕೆ ಬೇಡ. 24 ಎಲ್‌ಎಚ್‌ಬಿ (ಈಗಿನ ಹೊಸ ಮಾದರಿಯ) ಬೋಗಿಗಳ ಒಂದು ರೈಲು ಎಚ್‌ಓದಲ್ಲಿ ಆರೂವರೆ ಮೀಟರ್ ಆಗುತ್ತದೆ, ನಿಮ್ಮ ಕೋಣೆಗಿಂತ ಉದ್ದ ಇರಬಹುದು. ಹಳೆಯ ಐಸಿಎಫ್ ಬೋಗಿ 21.3 ಮೀಟರ್, ಅಂದರೆ ಮಾದರಿಯಲ್ಲಿ 24.5 ಸೆಂಟಿಮೀಟರ್. ನಾಲ್ಕು ಬೋಗಿಯ ಪ್ಯಾಸೆಂಜರ್ ಗಾಡಿ, ಮುಂದೊಂದು ಡೀಸೆಲ್ ಎಂಜಿನ್. ನಿಮ್ಮ ಹಲಗೆಗೆ ಅದೇ ಸರಿಯಾದ ಅಳತೆ.

ಡೀಸೆಲ್ ಎಂದು ಬೇಕೆಂದೇ ಹೇಳಿದೆ. ಮಂಗಳೂರಿಗೆ ಈ ಹಳಿ ಮುಟ್ಟಿದ್ದು 1907ರಲ್ಲಿ. ಅಲ್ಲಿಂದ ಇವತ್ತಿನ ವಂದೇ ಭಾರತ್‌ವರೆಗೆ ಯಾವ ಕಾಲವನ್ನು ಬೇಕಾದರೂ ನೀವು ಆರಿಸಬಹುದು. ಆದರೆ ಇವತ್ತಿನ ಹಳಿ ಮಾಡಿದರೆ ಜೋಡಿ ಹಳಿ ಬೇಕು, ಮೇಲೆ ವಿದ್ಯುತ್ ತಂತಿ, ಕಂಬ ಎಲ್ಲ ಬೇಕು. ತಂತಿ ಬರುವ ಮೊದಲಿನ, ಒಂಟಿ ಹಳಿಯ ಕಾಲ ಆರಿಸಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ನೀಲಿ ಬಣ್ಣದ ಐಸಿಎಫ್ ಬೋಗಿ, ಮುಂದೆ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್. ನಮ್ಮ ವಯಸ್ಸಿನವರ ಕಣ್ಣಲ್ಲಿ ನಿಂತಿರುವುದೂ ಅದೇ ರೈಲು ಅಲ್ವಾ? ಕಾಲದ ಜೊತೆ ತಿಂಗಳನ್ನೂ ಆರಿಸಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಆಗಸ್ಟ್‌ನಲ್ಲಿ ನಮ್ಮ ಕಡೆ ಗೋಡೆಯ ಮೇಲೂ ಹಸಿರು. ಮಾರ್ಚ್‌ನಲ್ಲಿ ಅದೇ ಪದವು (ಗುಡ್ಡದ ಮೇಲಿನ ಬಯಲು) ಒಣಗಿ ಕಂದಾಗಿರುತ್ತದೆ. ಎರಡನ್ನೂ ಕಲಸಿದರೆ ಯಾವ ಊರೂ ಆಗುವುದಿಲ್ಲ.

ಎರಡು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಲೇಬೇಕು. ಒಂದು, ಹಳಿಯ ಅಗಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಓದಲ್ಲಿ ಅದು 19.3 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5, ಅದು ಯುರೋಪ್ ಮತ್ತು ಅಮೆರಿಕದ ಗೇಜಿಗೆ ಲೆಕ್ಕ ಹಾಕಿದ್ದು. 19.3ರ ಹಳಿಯನ್ನು ಕೈಯಿಂದಲೇ ಕೂರಿಸುವವರಿದ್ದಾರೆ. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಆಗ ಪ್ರತಿ ಗಾಲಿಯನ್ನೂ ಬದಲಿಸಬೇಕು. ಮೊದಲ ಲೇಔಟಿಗೆ ಬೇಡ. ಎರಡನೆಯದು ತಿರುವು. ನಿಜದ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ರೇಡಿಯಸ್ಸೇ 175 ಮೀಟರ್. ಅದು ಮಾದರಿಯಲ್ಲಿ ಎರಡು ಮೀಟರ್ ಆಗುತ್ತದೆ! ನಿಮ್ಮ ಸೆಟ್ಟಿನ ತಿರುವು 18 ಇಂಚು ಇರಬೇಕು. ಉದ್ದ ಬೋಗಿಗಳು ಅದರಲ್ಲಿ ಹೊರಕ್ಕೆ ಚಾಚಿಕೊಂಡು ಆಟದ ರೈಲಿನ ಹಾಗೆ ಕಾಣುತ್ತವೆ. ನಾಲ್ಕಡಿ ಅಗಲದಲ್ಲಿ 22 ಇಂಚಿನ ತಿರುವು ಕಷ್ಟಪಟ್ಟು ಹಿಡಿಯುತ್ತದೆ, ಬದಲಿಸಿಬಿಡಿ. ಆಮೇಲೆ ಎರಡೂ ತುದಿಯ ತಿರುವನ್ನು ಮುಚ್ಚಿ. ಒಂದು ತುದಿಗೆ ಗುಡ್ಡ, ಸುರಂಗ. ಕಳನಾಡಿನ ಹತ್ತಿರ ನಿಜವಾಗಿಯೂ ಸುರಂಗ ಉಂಟು, ಹಾಗಾಗಿ ಅದು ಸುಳ್ಳು ಅನಿಸುವುದಿಲ್ಲ. ಇನ್ನೊಂದು ತುದಿಗೆ ದಟ್ಟ ತೋಟ. ಕಣ್ಣಿಗೆ ಕಾಣುವುದು ಮುಂದಿನ ನೇರ ಹಳಿ ಮಾತ್ರ ಆಗಲಿ.

ಇನ್ನು ನೆಲ. ಪೇಟೆಯಲ್ಲಿ ಸಿಗುವ ವಿದೇಶಿ ಪುಡಿಗಳಲ್ಲಿ ನಮ್ಮ ಕೆಂಪು ಇಲ್ಲ. ಹುಡುಕಲೂ ಬೇಡಿ, ಅಂಗಳದಲ್ಲೇ ಬಿದ್ದಿದೆ. ಮುರಮಣ್ಣನ್ನು ತಂದು, ಕಡು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಚಾ ಸೋಸುವ ಜರಡಿಯಲ್ಲಿ ಸಣ್ಣಗೆ ಜರಡಿ ಹಿಡಿಯಿರಿ. ಒಣಗಿಸದೆ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಥರ್ಮಕೋಲಿನಲ್ಲಿ ಗುಡ್ಡದ ಆಕಾರ ಕೊರೆದು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು, ಕೆಂಪು ಬಣ್ಣ ಕೊಟ್ಟು, ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಮಣ್ಣು ಉದುರಿಸಿ. ಥರ್ಮಕೋಲಿಗೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಕರಗಿಹೋಗುತ್ತದೆ. ಹಳಿಗಾಗಿ ಕಡಿದ ಗುಡ್ಡದ ಗೋಡೆಯಲ್ಲಿ, ಅಂದರೆ ಬರೆಯಲ್ಲಿ, ಮಳೆನೀರು ಇಳಿದ ಕಪ್ಪು ಗೆರೆಗಳು, ಬುಡದಲ್ಲಿ ಪಾಚಿ. ಇವೆರಡನ್ನು ತೆಳುವಾದ ಬಣ್ಣದಲ್ಲಿ ಎಳೆದರೆ ಅದು ಕೂಡಲೇ ನಮ್ಮ ಊರಿನ ಬರೆ ಆಗುತ್ತದೆ.

ಜಲ್ಲಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಡಲು ಹತ್ತಿರ ಉಂಟೆಂದು ಕಡಲಿನ ಹೊಯಿಗೆ ತರಬೇಡಿ. ಉಪ್ಪು ಹಳಿಯ ಬೆಸುಗೆಯನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಹೊಯಿಗೆಯಲ್ಲಿರುವ ಕಪ್ಪು ಕಣಗಳು. ಅವುಗಳಲ್ಲಿ ಕೆಲವು ಅಯಸ್ಕಾಂತಕ್ಕೆ ಅಂಟುತ್ತವೆ. ಎಂಜಿನ್ನಿನ ಮೋಟರಿನೊಳಗೆ ಅಯಸ್ಕಾಂತ ಇರುತ್ತದಲ್ಲ, ಒಳಗೆ ಸೇರಿದರೆ ಮೋಟರ್ ಹಾಳು. ಕಲ್ಲಿನ ಕ್ರಷರ್ ಪುಡಿ ತನ್ನಿ. ತೊಳೆದು, ಒಣಗಿಸಿ, ಅಯಸ್ಕಾಂತ ಆಡಿಸಿ ನೋಡಿ, ಆಮೇಲೆ ಜರಡಿ. ನಿಜದ ಜಲ್ಲಿ 50 ಮಿಲಿಮೀಟರ್ ಆಸುಪಾಸು, ಹಾಗಾಗಿ ನಿಮಗೆ ಬೇಕಾದದ್ದು ಅರ್ಧ ಮಿಲಿಮೀಟರಿನ ಕಣ. ದಪ್ಪ ಕಣ ಹಾಕಿದರೆ ಬಂಡೆಗಳ ಮೇಲೆ ಹಳಿ ಹಾಕಿದ ಹಾಗೆ ಕಾಣುತ್ತದೆ. ಒಣ ಪುಡಿಯನ್ನು ಬ್ರಷ್‌ನಿಂದ ಸ್ಲೀಪರ್‌ಗಳ ನಡುವೆ ಕೂರಿಸಿ. ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿದ ನೀರನ್ನು ಮೊದಲು ಮಂಜಿನ ಹಾಗೆ ಸಿಂಪಡಿಸಿ. ಆಮೇಲೆ ತೆಳು ಫೆವಿಕಾಲನ್ನು ಡ್ರಾಪರಿನಿಂದ ಬಿಡಿ. ಮೊದಲು ಒದ್ದೆ ಮಾಡದಿದ್ದರೆ ಅಂಟು ಒಳಗೆ ಇಳಿಯದೆ ಉಂಡೆ ಕಟ್ಟುತ್ತದೆ. ಹಳಿಯ ಪಕ್ಕಕ್ಕೆ ತುಕ್ಕಿನ ಕಂದು ಬಣ್ಣವನ್ನು ಜಲ್ಲಿಗಿಂತ ಮೊದಲೇ ಹಚ್ಚಿ, ಮೇಲ್ಭಾಗ ಒರೆಸಿ.

ಈಗ ನನಗೆ ತುಂಬ ಇಷ್ಟದ ವಿಷಯಕ್ಕೆ ಬರುತ್ತೇನೆ. ಮಾದರಿ ಮರಗಳ ಪೆಟ್ಟಿಗೆ ತೆರೆದರೆ ಸಿಗುವುದು ಪೈನ್ ಮತ್ತು ಓಕ್. ಅವನ್ನು ನೆಟ್ಟರೆ ನೀವು ಎಷ್ಟು ಚೆನ್ನಾಗಿ ಜಲ್ಲಿ ಹಾಕಿದ್ದರೂ ಅದು ಜರ್ಮನಿಯೇ. ನಮ್ಮ ಹಳಿಯನ್ನು ನಮ್ಮದಾಗಿ ಮಾಡುವುದು ಅಡಿಕೆ ಮತ್ತು ತೆಂಗು. ಅವನ್ನು ನೀವೇ ಮಾಡಬೇಕು.

ಅಡಿಕೆ ಮರದ ಕಾಂಡ ಸುಮಾರು 15 ಸೆಂಟಿಮೀಟರ್ ದಪ್ಪ. ಎಚ್‌ಓದಲ್ಲಿ ಅದು ಎರಡು ಮಿಲಿಮೀಟರಿಗೂ ಕಡಿಮೆ. ಹಿಡಿಸೂಡಿಯ ಕಡ್ಡಿ ಹೆಚ್ಚುಕಡಿಮೆ ಅಷ್ಟೇ ದಪ್ಪ! ತೆಂಗಿನ ಗರಿಯ ಕಡ್ಡಿಯೇ ಅಡಿಕೆ ಮರದ ಕಾಂಡವಾಗುತ್ತದೆ, ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುವುದೂ ಸರಿಯಾಗಿಯೇ ಇದೆ. 15 ಮೀಟರಿನ ಮರ ಅಂದರೆ 17 ಸೆಂಟಿಮೀಟರಿನ ಕಡ್ಡಿ. ಗೆದ್ದಲು, ಹುಳ ಬಾರದ ಹಾಗೆ ಮೊದಲು ವಾರ್ನಿಷ್ ಹಚ್ಚಿ. ಬೂದು ಬಣ್ಣ ಕೊಟ್ಟು, ಮೇಲೆ ಬಿಳಿ ಉಂಗುರಗಳನ್ನು ತೆಳುವಾಗಿ ಎಳೆಯಿರಿ. ತುದಿಯ ಒಂದು ಸೆಂಟಿಮೀಟರ್ ನುಣುಪಾದ ಹಸಿರು ಇರಲಿ, ಅದು ಸೋಗೆಯ (ಅಡಿಕೆ ಗರಿಯ) ಬುಡದ ಹಾಳೆ ಸುತ್ತಿಕೊಂಡಿರುವ ಜಾಗ. ಈ ಹಸಿರು ಇಲ್ಲದಿದ್ದರೆ ಜನ ಅದನ್ನು ತೆಂಗಿನ ಮರ ಅಂದುಕೊಳ್ಳುತ್ತಾರೆ. ಸೋಗೆಗೆ ಎರಡೂ ಬದಿ ಹಸಿರು ಬಳಿದ ಕಾಗದವನ್ನು ಎರಡು, ಎರಡೂವರೆ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ನಡುವೆ ಮಡಚಿ, ಅಂಚನ್ನು ಕತ್ತರಿಯಲ್ಲಿ ಸಣ್ಣಗೆ ಸೀಳಿ. ಮರಕ್ಕೆ ಎಂಟೋ ಹತ್ತೋ ಸೋಗೆ ಸಾಕು. ತೆಂಗಿಗೆ ಮಾತ್ರ ಮೂವತ್ತರ ಮೇಲೆ ಮಡಲು ಬೇಕು, ಅವು ಉದ್ದವೂ ಜಾಸ್ತಿ. ಹಾಗಾಗಿ ಒಂದು ತೆಂಗು ಮಾಡುವ ಹೊತ್ತಿಗೆ ನಾಲ್ಕು ಅಡಿಕೆ ಆಗುತ್ತದೆ.

ಎಷ್ಟು ಮರ? ಇದಕ್ಕೂ ಲೆಕ್ಕ ಉಂಟು. ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್. ಮಾದರಿಯಲ್ಲಿ 31 ಮಿಲಿಮೀಟರ್. ಒಂದು ಚದರ ಅಡಿ ಜಾಗ ನಿಜದಲ್ಲಿ 17 ಸೆಂಟ್ಸ್ ತೋಟ. ಅದರಲ್ಲಿ ನೂರರಷ್ಟು ಮರ ಬರುತ್ತದೆ. ಗಾಬರಿಯಾಗಬೇಡಿ. ಮುಂದಿನ ಮೂರು ಸಾಲು ಪೂರ್ತಿ ಕೆಲಸದ ಮರಗಳಿರಲಿ. ಅದರ ಹಿಂದೆ ಬರೀ ಕಡ್ಡಿ ಮತ್ತು ಮೇಲೆ ಒರಟು ಹಸಿರು. ಕೊನೆಗೆ ಬೆನ್ನಿಗೆ ತೋಟದ ಫೋಟೋ ಅಥವಾ ಚಿತ್ರ. ಅಡಿಕೆ ತೋಟದೊಳಗೆ ಹೇಗೂ ನೆರಳು, ಕಣ್ಣು ಮೂರನೇ ಸಾಲು ದಾಟುವುದಿಲ್ಲ. ಸಾಲು ನೇರ ಇರಲಿ, ಎತ್ತರ ಮಾತ್ರ ಹೆಚ್ಚುಕಡಿಮೆ ಆಗಲಿ. ಅಂಚಿನ ಮರಗಳು ಬೆಳಕಿನ ಕಡೆಗೆ ಸ್ವಲ್ಪ ಬಾಗಲಿ. ನಡುವೆ ನೀರು ಹೋಗುವ ಕಣಿ ತೋಡಿ. ಕೆಲವು ಕಾಂಡಗಳಿಗೆ ಸ್ಪಂಜನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಹಸಿರು ಬಣ್ಣ ಕಲಸಿ ಅಂಟಿಸಿದರೆ ಕರಿಮೆಣಸಿನ ಬಳ್ಳಿ. ನಿಮ್ಮ ತಿಂಗಳು ಜುಲೈ ಆದರೆ ಗೊನೆಗಳ ಮೇಲೆ ತೆಳು ನೀಲಿ ಛಾಯೆ ಕೊಡಿ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟದ್ದು. ಜನವರಿ ಆದರೆ ಕಿತ್ತಳೆ ಬಣ್ಣದ ಚುಕ್ಕೆ, ಹಣ್ಣಡಿಕೆ. ಇಂಥದ್ದನ್ನು ಬೇರೆ ದೇಶದ ಯಾವ ಹವ್ಯಾಸಿಯೂ ಮಾಡಲಾರ. ನಾವು ಮಾಡದಿದ್ದರೆ ಇನ್ಯಾರೂ ಮಾಡುವುದಿಲ್ಲ. ಅದಕ್ಕೇ ನನಗೆ ಎಂಜಿನ್ನಿಗಿಂತ ಈ ಮರಗಳ ಮೇಲೆ ಪ್ರೀತಿ ಜಾಸ್ತಿ.

ಹುಲ್ಲಿಗೆ ಸೊಳ್ಳೆ ಬ್ಯಾಟನ್ನು ಬಳಸಿ ಸ್ಟ್ಯಾಟಿಕ್ ಗ್ರಾಸ್ ಉಪಕರಣ ಮಾಡುವವರಿದ್ದಾರೆ. ಸ್ಟೀಲ್ ಜರಡಿಗೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ನೈಲಾನ್ ಎಳೆಗಳು ನೆಟ್ಟಗೆ ನಿಂತು ಅಂಟಿಕೊಳ್ಳುತ್ತವೆ. ಚೆನ್ನಾಗಿ ಬರುತ್ತದೆ. ಆದರೆ ಬ್ಯಾಟರಿ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಶಾಕ್ ಉಳಿದಿರುತ್ತದೆ. ಎಲೆಕ್ಟ್ರಾನಿಕ್ಸ್ ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಂಡು ಮಾಡಿ.

ಕಟ್ಟಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋಮ್‌ಬೋರ್ಡಿನ ಮೇಲಿನ ಕಾಗದ ಸುಲಿದು, ಮುಗಿದುಹೋದ ಬಾಲ್‌ಪೆನ್ನಿನಲ್ಲಿ ಗೆರೆ ಒತ್ತಿದರೆ ಮುರಕಲ್ಲಿನ ಗೋಡೆ. ಒಂದು ಕಲ್ಲು ನಾಲ್ಕು ಮಿಲಿಮೀಟರ್ ಉದ್ದ ಸಾಕು. ಹೆಂಚಿಗೆ ಸಣ್ಣ ಏರಿಳಿತದ ಕಾಗದವನ್ನು ಐದು ಮಿಲಿಮೀಟರಿನ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಂಚು ಬರುವಂತೆ ಅಂಟಿಸಿ. ಸ್ಟೇಷನ್ನಿನ ಹಳದಿ ಬೋರ್ಡನ್ನು ನೆನಪಿನಿಂದ ಬರೆಯಬೇಡಿ. ಹೋಗಿ ಫೋಟೋ ತೆಗೆದು, ಭಾಷೆಗಳ ಕ್ರಮ, ಅಕ್ಷರದ ಗಾತ್ರ ನೋಡಿ ಹಾಗೇ ಪ್ರಿಂಟ್ ಹಾಕಿಸಿ.

ನಮ್ಮ ಮಳೆಗಾಲದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಪ್ಲೈವುಡ್ಡಿನ ನಾಲ್ಕು ಅಂಚಿಗೂ ಅಡಿಭಾಗಕ್ಕೂ ಪೇಂಟ್ ಬಳಿಯಿರಿ, ತೇವ ಒಳಗೆ ಹೋಗುವುದೇ ಅಲ್ಲಿಂದ. ಮರ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ ಹಳಿಯ ಜೋಡಣೆಗಳಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಡಿ. ಹಳಿ ಸೇರಿಸುವ ಸಣ್ಣ ತಗಡನ್ನು ಕರೆಂಟಿಗೆ ನಂಬಬೇಡಿ. ಕಡಲ ಗಾಳಿಗೆ ಅದು ಬೇಗ ಕಿಲುಬು ಹಿಡಿಯುತ್ತದೆ. ಪ್ರತಿ ತುಂಡು ಹಳಿಗೂ ಅಡಿಯಿಂದ ಬೇರೆ ವಯರ್ ಬೆಸುಗೆ ಹಾಕಿ. ಈ ಕೆಲಸವನ್ನು ಜಲ್ಲಿ ಹಾಕುವ ಮೊದಲೇ ಮುಗಿಸಿ. ಹಳಿ ಕೊಳ್ಳುವಾಗ ಹಿತ್ತಾಳೆಯದ್ದು ಬೇಡ, ನಿಕಲ್ ಸಿಲ್ವರ್ ತೆಗೆದುಕೊಳ್ಳಿ. ಒರೆಸಲು ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಬಟ್ಟೆ ಸಾಕು. ಮರಳು ಕಾಗದ ಹಾಕಿದರೆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಸೆಟ್ಟಿನ ಜೊತೆ ಬಂದ ಅಮೆರಿಕದ ಎಂಜಿನ್ ಇಟ್ಟುಕೊಳ್ಳಲಾ, ಮಾರಲಾ ಎಂದೂ ಕೇಳಿದ್ದೀರಿ. ಇಟ್ಟುಕೊಳ್ಳಿ. ನಮ್ಮ ಡಬ್ಲ್ಯುಡಿಎಂ-2 ಕೂಡ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸವೇ, 1962ರಲ್ಲಿ ಅಲ್ಲಿಂದಲೇ ಬಂದದ್ದು. ನಿಮ್ಮದು ಉದ್ದ ಮೂತಿಯ ಹಳೆಯ ಡೀಸೆಲ್ ಆಗಿದ್ದರೆ ಅದರ ಗಾಲಿ ಮತ್ತು ಮೋಟರಿನ ಮೇಲೆ ಮುಂದೆ ಯಾವಾಗಲಾದರೂ ನಮ್ಮ ಎಂಜಿನ್ನಿನ ಮೈ ಕೂರಿಸಬಹುದು. ಸದ್ಯಕ್ಕೆ ಹಳಿ ಪರೀಕ್ಷೆಗೆ ಅದು ಬೇಕೇ ಬೇಕು. ಮೊದಲ ಎರಡಡಿ ಮುಗಿದ ಮೇಲೆ ಫೋಟೋ ಹಾಕಿ. ಅಡಿಕೆಯ ಸೋಗೆ ಕತ್ತರಿಸುವಾಗ ಕಷ್ಟವಾದರೆ ಕಮೆಂಟಿನಲ್ಲಿ ಕೇಳಿ, ನಾನು ಬಳಸುವ ಅಚ್ಚಿನ ಚಿತ್ರ ಹಾಕುತ್ತೇನೆ.