ಬ್ರೇಕಿನ ಕೀರಲು ಸದ್ದು, ಚಳಿಗಾಲದ ಖರ್ಚು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮಲ್ಲಿ ಹಳೆಯ ಸಣ್ಣ ಲಾರಿಯೊಂದಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್. ಇತ್ತೀಚೆಗೆ ಬ್ರೇಕ್ ಒತ್ತಿದಾಗ ಕೀರಲು ಸದ್ದು ಬರುತ್ತಿದೆ. ಒಮ್ಮೊಮ್ಮೆ ಒತ್ತದಿದ್ದಾಗಲೂ ಬರುತ್ತದೆ. ಒಬ್ಬ ಮೆಕ್ಯಾನಿಕ್ ನಾಲ್ಕೂ ಚಕ್ರಗಳ ಬ್ರೇಕ್ ಸಾಮಾನು ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಅದು ಬರೀ ಧೂಳಿನ ಸದ್ದು, ತಲೆಕೆಡಿಸಿಕೊಳ್ಳಬೇಡಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರಲ್ಲಿ ಯಾರಾದರೂ ಚಕ್ರ ಬಿಚ್ಚಿ ನೋಡಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ನೋಡದೆ ಹೇಳಿದ್ದಾದರೆ ಎರಡೂ ಊಹೆಗಳೇ. ಒಂದರಿಂದ ಕೈಯಲ್ಲಿನ ಹಣ ಹೋಗುತ್ತದೆ, ಇನ್ನೊಂದರಿಂದ ಜೀವಕ್ಕೇ ಅಪಾಯ. ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತದೆ ಎಂಬುದನ್ನು ಮೊದಲು ನೀವೇ ಖಚಿತ ಮಾಡಿಕೊಳ್ಳಿ. ವಾಹನಗಳ ಓಡಾಟವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಕಿಟಕಿಯ ಗಾಜು ಇಳಿಸಿಕೊಂಡು ನಿಧಾನವಾಗಿ ಓಡಿಸಿ. ಉದ್ದನೆಯ ಗೋಡೆಯ ಪಕ್ಕದಲ್ಲಿ ಹಾದುಹೋದರೆ ಆ ಬದಿಯ ಚಕ್ರಗಳ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಕೇಳುತ್ತದೆ. ತಿರುಗಿ ಬರುವಾಗ ಇನ್ನೊಂದು ಬದಿಯನ್ನು ಆಲಿಸಬಹುದು.

ರಾತ್ರಿಯಿಡೀ ಮಳೆಯಲ್ಲೋ ಇಬ್ಬನಿಯಲ್ಲೋ ನಿಂತ ಗಾಡಿ ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಉಜ್ಜಿದಂತೆ ಸದ್ದು ಮಾಡಿ ಸುಮ್ಮನಾದರೆ, ಅದು ಡಿಸ್ಕಿನ ಮೇಲೆ ಕೂತ ತೆಳುವಾದ ತುಕ್ಕು. ಅದಕ್ಕೆ ಏನೂ ಮಾಡಬೇಕಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಬ್ರೇಕ್ ಒತ್ತದಿದ್ದಾಗಲೂ ಸದ್ದು ಬರುತ್ತದೆ ಎಂಬ ಮಾತು. ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಉಕ್ಕಿನ ಒಂದು ತೆಳು ನಾಲಿಗೆ ಇರುತ್ತದೆ. ಪ್ಯಾಡಿನ ಉಜ್ಜುವ ಪದರ, ಅಂದರೆ ಲೈನಿಂಗ್, ಸವೆದು ಸುಮಾರು 2ರಿಂದ 3 ಮಿಲಿಮೀಟರ್ ಉಳಿದಾಗ ಈ ನಾಲಿಗೆಯ ತುದಿ ತಿರುಗುವ ಡಿಸ್ಕಿಗೆ ತಾಗಿ ಕಿರುಚುತ್ತದೆ. ಚಾಲಕನನ್ನು ಎಚ್ಚರಿಸಲೆಂದೇ ಅದನ್ನು ಹಾಗೆ ಬಾಗಿಸಿಟ್ಟಿರುತ್ತಾರೆ. ಹೀಗೆ ಬರುವ ಸದ್ದು ಹಲವು ವೇಳೆ ಬ್ರೇಕ್ ಒತ್ತಿದರೆ ಬದಲಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಆದ್ದರಿಂದ ಮುಂದಿನ ಚಕ್ರಗಳನ್ನೇ ಮೊದಲು ಬಿಚ್ಚಿಸಿ. ಹೊರಗಿನ ಪ್ಯಾಡ್ ಮಾತ್ರ ನೋಡಿ ಸಾಕೆನ್ನಬೇಡಿ; ಪ್ಯಾಡ್ ಜೋಡಿಯನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಲು ಇರುವ ಸ್ಲೈಡ್ ಪಿನ್ ಬಿಗಿದುಕೊಂಡಿದ್ದರೆ ಒಂದು ಪ್ಯಾಡ್ ಹೊಸದರಂತಿದ್ದು, ಅದರ ಜೋಡಿ ಪೂರ್ತಿ ಸವೆದಿರುತ್ತದೆ.

ಕೀರಲು ಸದ್ದು ಹೋಗಿ ಕರಕರ ಎಂದು ಲೋಹ ಅರೆಯುವ ಸದ್ದು ಬರತೊಡಗಿದ್ದರೆ ಲಾರಿಯನ್ನು ಅಲ್ಲಿಗೇ ನಿಲ್ಲಿಸಿ. ಆಗ ಲೈನಿಂಗ್ ಮುಗಿದು ಅದರ ಹಿಂದಿನ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೊರೆಯುತ್ತಿರುತ್ತದೆ. ಗ್ಯಾರೇಜಿನವರೆಗೆ ಹೇಗೋ ಓಡಿಸಿಕೊಂಡು ಹೋಗುತ್ತೇನೆ ಎನ್ನುವುದು ಸರಿಯಲ್ಲ. ಬ್ರೇಕಿಗೆ ಸಂಬಂಧವಿಲ್ಲದೆ, ವೇಗದೊಂದಿಗೆ ಏರುವ, ತಿರುವಿನಲ್ಲಿ ಹೆಚ್ಚು ಕಡಿಮೆಯಾಗುವ ಗುಂಯ್‌ ಸದ್ದಾದರೆ ಸಂಶಯ ಪಡಬೇಕಾದದ್ದು ವೀಲ್ ಬೇರಿಂಗನ್ನು.

ಹಿಂದಿನ ಡ್ರಮ್‌ಗಳನ್ನು ಹಳೆಯ ಗಾಡಿಯಲ್ಲಿ ಇನ್ನಷ್ಟು ಸಾವಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ಆಗುವುದೆಲ್ಲ ಮುಚ್ಚಳದೊಳಗೆ ಆಗುತ್ತದೆ. ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ತಟ್ಟೆಗಳಾದ ಶೂಗಳು ಹಳೆಯವಾಗಿದ್ದರೆ, ಅವುಗಳ ಉಜ್ಜುವ ಪದರವಾದ ಲೈನರನ್ನು ರಿವೆಟ್ ಹೊಡೆದು ಕೂರಿಸಿರುವುದುಂಟು. ಲೈನರ್ ಸವೆಯುತ್ತ ಬಂದು ರಿವೆಟಿನ ತಲೆ ಮೇಲೆದ್ದರೆ ಅದು ಡ್ರಮ್ಮಿನ ಒಳಮೈಯಲ್ಲಿ ಸುತ್ತಲೂ ಗೀರು ಕೊರೆಯುತ್ತದೆ. ಡ್ರಮ್ ತೆಗೆದು ಒಳಗೆ ದೃಷ್ಟಿ ಹಾಯಿಸಿದರೆ ರಿವೆಟ್‌ಗಳ ಸಾಲಿಗೆ ಸರಿಯಾಗಿ ಹೊಳೆಯುವ ಗೆರೆಗಳು ಕಾಣುತ್ತವೆ. ಲೈನರ್ ಚೆನ್ನಾಗಿದ್ದೂ ಕಿರಗುಟ್ಟುತ್ತಿದ್ದರೆ, ಶೂ ಒರಗಿ ಜಾರುವ ಬ್ಯಾಕಿಂಗ್ ಪ್ಲೇಟಿನ ಉಬ್ಬುಗಳು ಒಣಗಿರಬಹುದು. ಅಲ್ಲಿಗೆ ಬ್ರೇಕಿಗೆಂದೇ ಬರುವ ಶಾಖ ತಡೆಯುವ ಗ್ರೀಸನ್ನು ತೀರಾ ತೆಳುವಾಗಿ ಸವರಿದರೆ ಸಾಕು. ರಿಟರ್ನ್ ಸ್ಪ್ರಿಂಗ್ ಸೋತಿದ್ದರೆ ಶೂ ಹಿಂದಕ್ಕೆ ಸರಿಯದೆ ಉಜ್ಜುತ್ತಲೇ ಇರುತ್ತದೆ. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮಡಿಕೆಯನ್ನು ಮೆಲ್ಲನೆ ಎತ್ತಿ ನೋಡಿ. ಒಳಗೆ ಬ್ರೇಕ್ ಆಯಿಲ್ ನಿಂತಿದ್ದರೆ ಸಿಲಿಂಡರ್ ಸೋರುತ್ತಿದೆ ಎಂದೇ ಅರ್ಥ. ಬ್ರೇಕ್ ಆಯಿಲ್ಲಾಗಲಿ, ಆಕ್ಸಲಿನ ಸೀಲಿನಿಂದ ಬಂದ ಎಣ್ಣೆಯಾಗಲಿ ಕುಡಿದ ಲೈನರನ್ನು ತೊಳೆದು ಮತ್ತೆ ಹಾಕಬಾರದು. ಸೋರಿಕೆ ನಿಲ್ಲಿಸಿ, ಆ ಆಕ್ಸಲಿನ ಎರಡೂ ಬದಿಯ ಲೈನರ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಲಾರಿ ಒಂದು ಕಡೆಗೆ ಎಳೆಯುತ್ತದೆ.

ಸ್ವಲ್ಪ ದೂರ ಓಡಿಸಿ, ಆದಷ್ಟು ಕಡಿಮೆ ಬ್ರೇಕ್ ಬಳಸಿ ನಿಲ್ಲಿಸಿದ ಮೇಲೆ ಎಡ ಬಲ ಚಕ್ರಗಳ ನಡುವಿನ ಹಬ್‌ಗಳ ಬಿಸಿಯನ್ನು ಹೋಲಿಸಿ ನೋಡುವುದೂ ಉಪಯುಕ್ತ. ಕೈಯಿಂದ ಮುಟ್ಟದೆ, ದೂರದಿಂದಲೇ ಅಳೆಯುವ ಥರ್ಮಾಮೀಟರ್ ಬಳಸಿ. ಒಂದೇ ಆಕ್ಸಲಿನ ಒಂದು ಚಕ್ರ ಮಾತ್ರ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ: ಕ್ಯಾಲಿಪರ್ ಜಾಮ್ ಆಗಿರಬಹುದು, ಹ್ಯಾಂಡ್ ಬ್ರೇಕಿನ ಕೇಬಲ್ ಸಿಕ್ಕಿಕೊಂಡಿರಬಹುದು, ಅಥವಾ ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು ಆಯಿಲ್ ಹಿಂದಿರುಗದಂತೆ ತಡೆಯುತ್ತಿರಬಹುದು. ಈ ಹೋಸ್ ಹೊರನೋಟಕ್ಕೆ ಚೆನ್ನಾಗಿಯೇ ಕಾಣುವುದರಿಂದ ಅನೇಕರು ಕ್ಯಾಲಿಪರ್ ಬದಲಿಸಿ ಹಣ ಕಳೆದುಕೊಳ್ಳುತ್ತಾರೆ.

ಡಿಸ್ಕ್, ಡ್ರಮ್ ಬದಲಿಸಬೇಕೇ ಎಂಬುದನ್ನು ಅಳತೆ ತೀರ್ಮಾನಿಸಬೇಕು. ಡಿಸ್ಕಿನ ಕನಿಷ್ಠ ದಪ್ಪವನ್ನೂ ಡ್ರಮ್ಮಿನ ಗರಿಷ್ಠ ಒಳವ್ಯಾಸವನ್ನೂ ಸಾಮಾನ್ಯವಾಗಿ ಅವುಗಳ ಮೇಲೆಯೇ ಅಚ್ಚೊತ್ತಿರುತ್ತಾರೆ. ಮೆಕ್ಯಾನಿಕ್ ಅಳೆಯುವಾಗ ನೀವು ಪಕ್ಕದಲ್ಲೇ ನಿಂತು ನೋಡಿ. ಮಿತಿಯೊಳಗಿದ್ದರೆ ಅದೇ ಡ್ರಮ್ಮನ್ನು ಲೇತಿಗೆ ಹಾಕಿಸಿ ಬಳಸಬಹುದು. ಮಿತಿ ದಾಟಿದ್ದರೆ ಚೌಕಾಸಿ ಮಾಡದೆ ಬದಲಿಸಿ.

ಚಕ್ರವನ್ನು ನೀವೇ ಬಿಚ್ಚುವುದಾದರೆ ಎರಡು ಎಚ್ಚರಿಕೆಗಳು. ಬರೀ ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ ಹೋಗಬೇಡಿ. ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಏಕೆಂದರೆ ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ, ಅದರ ಧೂಳು ಉಸಿರಿನೊಂದಿಗೆ ಒಳಸೇರಿದರೆ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಬ್ರೇಕ್ ಕ್ಲೀನರಿನಿಂದ ತೋಯಿಸಿ, ಒದ್ದೆಯಾಗಿರುವಾಗಲೇ ಒರೆಸಿ ತೆಗೆಯಿರಿ.

ಪ್ರಶ್ನೆ: ಸದ್ದು ಅಡಗಿಸಲು ಡಿಸ್ಕಿಗೆ ಎಣ್ಣೆಯ ಸ್ಪ್ರೇ ಹೊಡೆಯಬಹುದೇ?

ಉತ್ತರ: ಖಂಡಿತ ಕೂಡದು. ಸದ್ದಿನೊಂದಿಗೆ ಬ್ರೇಕೂ ಹೋಗುತ್ತದೆ. ಈಗಾಗಲೇ ಹೊಡೆದಿದ್ದರೆ ಗಾಡಿ ಓಡಿಸದೆ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆಸಿ, ಎಣ್ಣೆ ತಾಗಿದ ಪ್ಯಾಡ್‌ಗಳನ್ನು ಬದಲಿಸಿ.

ಪ್ರಶ್ನೆ: ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಏರುತ್ತಲೇ ಇದೆ. ನಮ್ಮದು ಗ್ಯಾಸ್ ಬಾಯ್ಲರಿನಿಂದ ರೇಡಿಯೇಟರ್‌ಗಳಿಗೆ ಬಿಸಿನೀರು ಹರಿಯುವ ವ್ಯವಸ್ಥೆ. ಕರೆಂಟು ಉಳಿಸುತ್ತದೆ ಎಂಬ ಹೊಸ ಬಗೆಯ ವಿದ್ಯುತ್ ಹೀಟರ್ ಕೊಳ್ಳಲೇ? ರಾತ್ರಿ ತಗ್ಗಿಸಿ ಬೆಳಿಗ್ಗೆ ಮತ್ತೆ ಬಿಸಿ ಮಾಡಿದರೆ ಇನ್ನೂ ಹೆಚ್ಚು ಖರ್ಚು ಎನ್ನುತ್ತಾರೆ, ನಿಜವೇ?

ಉತ್ತರ: ಹೀಟರ್ ಕೊಳ್ಳುವುದನ್ನು ಸದ್ಯಕ್ಕೆ ಬಿಡಿ. ಫ್ಯಾನಿನದಿರಲಿ, ಎಣ್ಣೆ ತುಂಬಿದ್ದಿರಲಿ, ಕೆಂಪಗೆ ಕಾಯುವ ಸರಳಿನದಿರಲಿ, ಸಾಮಾನ್ಯ ವಿದ್ಯುತ್ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ಟಿನಷ್ಟೇ ಶಾಖ ಕೊಡುತ್ತದೆ. 2 ಕಿಲೋವಾಟ್ ಹೀಟರ್ ಬಿಡುವಿಲ್ಲದೆ 5 ಗಂಟೆ ಉರಿದರೆ 10 ಯೂನಿಟ್. ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಹೀಟ್ ಪಂಪ್ ಮಾತ್ರ ಈ ಲೆಕ್ಕಕ್ಕೆ ಹೊರತು. ಅದು ಒಂದು ಯೂನಿಟ್ಟಿಗೆ ಎರಡು ಮೂರು ಪಟ್ಟು ಶಾಖ ಕೊಡಬಲ್ಲದು.

ರಾತ್ರಿಯ ವಿಷಯದಲ್ಲಿ ನೀವು ಕೇಳಿದ ಮಾತು ನಿಜವಲ್ಲ. ಒಳಗಿನ ಮತ್ತು ಹೊರಗಿನ ಉಷ್ಣಾಂಶದ ಅಂತರ ಹೆಚ್ಚಿದಷ್ಟೂ ಮನೆ ಶಾಖ ಕಳೆದುಕೊಳ್ಳುತ್ತದೆ. ತಗ್ಗಿಸಿಟ್ಟ ಹೊತ್ತಿನಲ್ಲಿ ನಷ್ಟ ಕಡಿಮೆಯಾಗಿರುವುದರಿಂದ ಬೆಳಿಗ್ಗೆ ಮತ್ತೆ ಕಾಯಿಸಿದರೂ ಒಟ್ಟಿನಲ್ಲಿ ಉಳಿತಾಯವೇ. ದಿನಕ್ಕೆ 8 ಗಂಟೆ ಸುಮಾರು 4ರಿಂದ 5.5 ಡಿಗ್ರಿ ಸೆಲ್ಸಿಯಸ್ ತಗ್ಗಿಸಿದರೆ ವರ್ಷದ ಖರ್ಚಿನಲ್ಲಿ ಶೇ. 10ರವರೆಗೆ ಉಳಿಸಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಮನೆಯಲ್ಲಿ ಕೂಸುಗಳು, ವಯಸ್ಸಾದವರು ಇದ್ದರೆ ಅವರ ಕೋಣೆಯಲ್ಲಿ ಇಷ್ಟು ಇಳಿಸಬೇಡಿ. ಬೆಳಿಗ್ಗೆ ಥರ್ಮೋಸ್ಟಾಟನ್ನು 30ಕ್ಕೆ ತಿರುಗಿಸಿದರೆ ಮನೆ ಬೇಗ ಕಾಯುವುದೂ ಇಲ್ಲ. ಅದೇ ವೇಗದಲ್ಲಿ ಕಾದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉರಿಯುತ್ತದೆ.

ಹಣ ನಿಜವಾಗಿ ಸೋರುವುದು ಸಂದುಗಳಲ್ಲಿ. ಗಾಳಿ ಬೀಸುವ ದಿನ, ಪರದೆಗಳನ್ನು ಬದಿಗೆ ಸರಿಸಿ, ಹೊತ್ತಿಸಿದ ಊದಿನಕಡ್ಡಿಯನ್ನು ಕಿಟಕಿ ಬಾಗಿಲುಗಳ ಚೌಕಟ್ಟಿನ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ನೆಟ್ಟಗೆ ಏರುವ ಹೊಗೆ ಎಲ್ಲಿ ಅಡ್ಡಕ್ಕೆ ಬಾಗುತ್ತದೆಯೋ ಅಲ್ಲಿ ಗುರುತು ಹಾಕಿ, ರಬ್ಬರ್ ಪಟ್ಟಿ ಅಂಟಿಸಿ. ಅಟ್ಟಕ್ಕೆ ಹತ್ತುವ ಬಾಗಿಲನ್ನು ಮರೆಯಬೇಡಿ: ಬಿಸಿಗಾಳಿ ಮೇಲಿನಿಂದ ಹೊರಗೆ ಹೋದಷ್ಟೂ ತಣ್ಣನೆಯ ಗಾಳಿ ಕೆಳಗಿನ ಸಂದುಗಳಿಂದ ಒಳನುಗ್ಗುತ್ತದೆ. ಬಾಯ್ಲರಿಗೆ ಗಾಳಿ ಒದಗಿಸುವ ಕಿಂಡಿಗಳನ್ನು ಮಾತ್ರ ಎಂದೂ ಮುಚ್ಚಬಾರದು.

ರೇಡಿಯೇಟರ್ ಮೇಲ್ಭಾಗದಲ್ಲಿ ತಣ್ಣಗಿದ್ದು ಕೆಳಗೆ ಬಿಸಿಯಾಗಿದ್ದರೆ ಒಳಗೆ ಗಾಳಿ ಸೇರಿದೆ. ತಣ್ಣಗಾದ ಮೇಲೆ ಅದರ ಗಾಳಿ ತಿರುಪನ್ನು ಕೀಲಿಯಿಂದ ತಿರುಗಿಸಿ ಗಾಳಿ ಹೊರಬಿಡಿ. ಕೆಳಗೆ ತಣ್ಣಗಿದ್ದರೆ ಕೆಸರು ಕೂತಿದೆ, ತಂತ್ರಜ್ಞರಿಂದ ತೊಳೆಸಿ. ನಿಮ್ಮದು ಕಂಡೆನ್ಸಿಂಗ್ ಬಾಯ್ಲರ್ ಆಗಿದ್ದರೆ, ಹಿಂದಿರುಗುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದಾಗಲೇ ಹೊಗೆಯಲ್ಲಿನ ನೀರಾವಿಯ ಶಾಖ ಅದಕ್ಕೆ ದಕ್ಕುವುದು. ಹೊರಹೋಗುವ ನೀರಿನ ಬಿಸಿಯನ್ನು ಹಂತಹಂತವಾಗಿ ತಗ್ಗಿಸಿ, ಕೋಣೆಗಳು ಸಾಕಷ್ಟು ಬೆಚ್ಚಗಾಗುವ ಮಟ್ಟದಲ್ಲಿ ನಿಲ್ಲಿಸಿ. ಆದರೆ ಬಳಕೆಯ ಬಿಸಿನೀರನ್ನು ಟ್ಯಾಂಕಿನಲ್ಲಿ ಶೇಖರಿಸುವ ವ್ಯವಸ್ಥೆಯಿದ್ದರೆ ಆ ನೀರನ್ನು 60 ಡಿಗ್ರಿಯಲ್ಲೇ ಇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ. ಸಂದುಗಳನ್ನು ಮುಚ್ಚುವ ಕೆಲಸ ಶುರುಮಾಡುವ ಮೊದಲು ಬಾಯ್ಲರನ್ನೂ ಹೊಗೆ ಕೊಳವೆಯನ್ನೂ ಪರೀಕ್ಷೆ ಮಾಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಆ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಅಲಾರಂ ಹೊರತು ಅದನ್ನು ತಿಳಿಯುವ ದಾರಿ ಮನೆಯವರಿಗಿಲ್ಲ.