ಟವೆಲ್ ಹಿಡಿಯಲು ನಾಚುತ್ತಿದ್ದ ಹಾಸ್ಯನಟ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದ್ದೇನೆ.)

ಮಂಜುಗೆ 26 ವರ್ಷ. ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅದನ್ನು ಬಿಟ್ಟು ಬೀದಿನಾಟಕದ ತಂಡ ಸೇರಿದ. ತಂಡದಲ್ಲಿ ಹಾಸ್ಯದ ಪಾತ್ರಗಳೆಲ್ಲ ಅವನದೇ. ಬಿಡುವಿನ ದಿನ ಒಬ್ಬನೇ ಪಾರ್ಕು, ಸಂತೆಗಳಲ್ಲಿ ಮೂಕಾಭಿನಯ ಮಾಡುತ್ತಾನೆ. ಕೆಲಸ ಬಿಟ್ಟಂದಿನಿಂದ ಅಪ್ಪ ಮಾತು ನಿಲ್ಲಿಸಿದ್ದಾರೆ. ಸಲಹೆಗಾಗಿ ನನ್ನ ಬಳಿಗೆ ಕರೆತಂದದ್ದು ಅವನ ಅಕ್ಕ.

“ತಿಂಗಳಿಗೆ ಎಷ್ಟು ಬರುತ್ತೆ?” ಎಂದು ಕೇಳಿದೆ. ಅಂಗಿಯ ಜೇಬನ್ನು ಅಗಲಿಸಿ, ಒಳಗೆ ಇಣುಕಿ, “ಯಾರಾದ್ರೂ ಇದ್ದೀರಾ?” ಎಂದು ಕೂಗಿದ. ನಗು ತಡೆಯಲಾಗಲಿಲ್ಲ. ಮತ್ತೆ ಕೇಳಿದೆ. ಈ ಸಲ ಬಾಡಿಗೆ ಕೇಳಲು ಬಂದ ಮನೆ ಮಾಲೀಕನಾದ. ನಡಿಗೆ, ಕೆಮ್ಮು ಸಮೇತ. ಅಕ್ಕ ನಗಲಿಲ್ಲ. “ಮನೇಲೂ ಹಿಂಗೇ ಮೇಡಂ. ಅಪ್ಪ ಏನು ಕೇಳಿದ್ರೂ ಒಂದು ವೇಷ” ಎಂದಳು.

ಪ್ರತಿಭೆಯ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ. ಆದರೆ ಹಣದ ಮಾತು ಬಂದ ಕೂಡಲೇ ಪಾತ್ರದೊಳಗೆ ಹೋಗಿ ಅಡಗಿಕೊಳ್ಳುತ್ತಿದ್ದ. ಆಟ ಮುಗಿದ ಮೇಲೆ ಹಣ ಸಂಗ್ರಹಿಸಲು ಜನರ ಮುಂದೆ ಟವೆಲ್ ಹಿಡಿದು ಹೋಗುವವರು ಯಾರು ಎಂದು ವಿಚಾರಿಸಿದೆ. ತಲೆ ತಗ್ಗಿಸಿದ. ತಂಡದ ಹುಡುಗಿಯೊಬ್ಬಳು ಹೋಗುತ್ತಾಳಂತೆ. ಇವನು ಆ ಹೊತ್ತಿಗೆ ತಮಟೆ ಕಟ್ಟಿಡುವ ನೆಪದಲ್ಲಿ ಬೆನ್ನು ತಿರುಗಿಸುತ್ತಾನಂತೆ. ಒಬ್ಬನೇ ಮಾಡುವ ಆಟದಲ್ಲಿ ಟೋಪಿಯನ್ನು ನೆಲದ ಮೇಲಿಟ್ಟು ಸುಮ್ಮನಾಗುತ್ತಾನೆ, ಬಾಯಿಬಿಟ್ಟು ಕೇಳುವುದಿಲ್ಲ.

ಅಪ್ಪನನ್ನು ಬೇರೆ ದಿನ ಕರೆಸಿದೆ. ಕಲೆಯನ್ನು ದ್ವೇಷಿಸುವವರಲ್ಲ. ಹಾಸ್ಯನಟ ನರಸಿಂಹರಾಜು ಎಂದರೆ ಪ್ರಾಣ. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳಿಗೆ ಟಿಕೆಟ್ ಕೊಂಡು ಹೋದವರು. “ಅವ್ರಿಗೆ ರಂಗಮಂಟಪ ಇತ್ತು, ಟಿಕೆಟ್ ಇತ್ತು. ಇವ್ನಿಗೇನಿದೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ನಿಜವಾದ ನೋವು ಹೊರಬಂತು. “ನಮ್ಮೂರಿಗೆ ಹಗಲುವೇಷದೋರು ಬರೋರು. ದಿನಕ್ಕೊಂದು ವೇಷ. ಕೊನೇ ದಿನ ಮನೆಮನೆ ಮುಂದೆ ನಿಲ್ಲೋರು, ನಮ್ಮವ್ವ ಮೊರದಲ್ಲಿ ರಾಗಿ ತಂದು ಹಾಕೋಳು. ಈಗ ಆ ಮೊರದ ಮುಂದೆ ನನ್ ಮಗ ನಿಂತಂಗಾಗುತ್ತೆ.”

ಅವರಿಗೆ ನೇರವಾಗಿಯೇ ಹೇಳಿದೆ: ಅದು ಭಿಕ್ಷೆಯಲ್ಲ, ಕೂಲಿ. ರಾಮಾಯಣ, ಮಹಾಭಾರತದ ಪಾತ್ರಗಳು, ಬಣ್ಣ, ಹಾಡು, ಮಾತು ಎಲ್ಲವನ್ನೂ ತಲೆಮಾರಿನಿಂದ ಕಲಿತು ಬಂದ ಸಮುದಾಯಗಳ ದುಡಿಮೆ. ನೋಡಿದ ಮೇಲೆ ಕೊಡುವ ಪದ್ಧತಿ ಇದ್ದದ್ದರಿಂದ, ಜಾತಿಯ ತಾತ್ಸಾರವೂ ಸೇರಿ, ನಮ್ಮ ಕಣ್ಣಿಗೆ ಭಿಕ್ಷೆಯಂತೆ ಕಂಡಿತು. ಅವರು ಒಪ್ಪಿದರೆಂದು ಹೇಳಲಾರೆ, ಎದ್ದು ಹೋಗಲಿಲ್ಲ ಅಷ್ಟೆ. ಅಪ್ಪನಿಗಿದ್ದ ನಾಚಿಕೆಯೇ ಮಗನಲ್ಲೂ ಇತ್ತು ಎಂಬುದು ನನಗೆ ಖಚಿತವಾಗಿತ್ತು.

ಮಂಜುಗೆ ಕೊಟ್ಟ ಮೊದಲ ಸಲಹೆ, ಟವೆಲ್ ನೀವೇ ಹಿಡಿಯಿರಿ. ಟಿಕೆಟ್ ಕೊಂಡವನು ಸೀಟು ಬಿಟ್ಟು ಏಳಲು ಯೋಚಿಸುತ್ತಾನೆ; ಬೀದಿಯಲ್ಲಿ ನಿಂತವನಿಗೆ ಆ ಕಟ್ಟಿಲ್ಲ. ಅವನನ್ನು ಕೊನೆಯವರೆಗೂ ನಿಲ್ಲಿಸಿದ್ದೀರಿ ಎಂದರೆ ಕೇಳುವ ಹಕ್ಕು ನಿಮಗಿದೆ. ಕೇಳುವ ಮಾತನ್ನೂ ಆಟದ ಭಾಗದಂತೆ ರಿಹರ್ಸಲ್ ಮಾಡಿ. ಎರಡನೆಯದು, ಅಪ್ಪ ಲೆಕ್ಕ ಕೇಳಿದರೆ ವೇಷವಿಲ್ಲದೆ, ಅಂಕಿಯಲ್ಲೇ ಉತ್ತರ ಕೊಡಿ.

ಹೊಟ್ಟೆಪಾಡಿನ ವಿಷಯಕ್ಕೆ ಹೆಚ್ಚು ಹೊತ್ತು ಕೂತೆವು. ಬೀದಿಯ ಸಂಗ್ರಹವೊಂದನ್ನೇ ನಂಬಿದರೆ ಮಳೆಗಾಲ ಕಷ್ಟ. ಆರೋಗ್ಯ, ಮತದಾನ ಮುಂತಾದ ಸರ್ಕಾರಿ ಜಾಗೃತಿ ಕಾರ್ಯಕ್ರಮಗಳಿಗೆ ಬೀದಿನಾಟಕ ತಂಡಗಳು ಬೇಕಾಗುತ್ತವೆ, ಆದರೆ ಹಣ ತಡವಾಗಬಹುದು. ಆದೇಶ ಕೈಗೆ ಸಿಗದೆ ಹೊರಡಬೇಡಿ, ಕಲಾವಿದರ ದಿನಭತ್ಯೆ ಮೊದಲೇ ಮಾತಾಡಿ. ಶಾಲೆಯಲ್ಲಿ ವಾರಕ್ಕೆರಡು ದಿನ ನಾಟಕದ ತರಗತಿ ಸಿಕ್ಕರೆ ಬಿಡಬೇಡಿ. ಧಾರಾವಾಹಿಯ ಸಣ್ಣ ಪಾತ್ರ ಬಂದರೆ ಮಾಡಿ, ಅದರ ಮೇಲೆ ಸಾಲ ಮಾಡಬೇಡಿ. ಆಟ ಆಡುವ ಜಾಗಕ್ಕೆ ಠಾಣೆಯ ಅನುಮತಿ ಪತ್ರ ಜೇಬಿನಲ್ಲಿರಲಿ.

ತರಬೇತಿಯನ್ನು ಒತ್ತಿ ಹೇಳಿದೆ. ನರಸಿಂಹರಾಜು 1954ರಲ್ಲಿ ಸಿನಿಮಾಕ್ಕೆ ಬರುವ ಮೊದಲು ಬಾಲ್ಯದಿಂದಲೇ ನಾಟಕ ಕಂಪನಿಗಳಲ್ಲಿ ಪಳಗಿದವರು. ಇಂದಿನ ಹುಡುಗರಿಗೆ ಅಂಥ ಕಂಪನಿಗಳು ಸಿಗುವುದು ಅಪರೂಪ. ಆದರೆ ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಒಂದು ವರ್ಷದ ಕೋರ್ಸ್ ಇದೆ. ಮಂಜುವಿನ ಮೈ ಚೆನ್ನಾಗಿ ಮಾತಾಡುತ್ತದೆ. ಧ್ವನಿ ಮಾತ್ರ ಗದ್ದಲದಲ್ಲಿ ಕೂಗಿ ಕೂಗಿ ಒಡೆದಿದೆ. ಅದಕ್ಕೆ ಗುರು ಬೇಕೇ ಬೇಕು.

ಅಪ್ಪನಿಗೆ ನಾನು ಕೇಳಿಕೊಂಡದ್ದು ಎರಡೇ: ಮುಂದಿನ ಯುಗಾದಿಯವರೆಗೆ ಗಡುವು ಕೊಡಿ, ಮತ್ತು ಒಂದು ಆಟ ನೋಡಿ. ಗಡುವಿಗೆ ಒಪ್ಪಿದರು. ಆಟ ನೋಡಲು ಇನ್ನೂ ಹೋಗಿಲ್ಲ. ಗಡುವಿನೊಳಗೆ ಮನೆಗೆ ಇಂತಿಷ್ಟು ಕೊಡಲಾಗದಿದ್ದರೆ ಅರೆಕಾಲಿಕ ಕೆಲಸ ಹಿಡಿಯುವುದಾಗಿ ಮಂಜು ಬರೆದುಕೊಟ್ಟಿದ್ದಾನೆ. ಮೊತ್ತವನ್ನು ಅವನೇ ನಿಗದಿ ಮಾಡಿದ. ಟವೆಲ್ ಈಗ ಅವನೇ ಹಿಡಿಯುತ್ತಾನೆಂದು ಅಕ್ಕ ಫೋನಿನಲ್ಲಿ ತಿಳಿಸಿದಳು. ಹೆಣ್ಣಿನ ಕಡೆಯವರಿಗೆ ಹುಡುಗನ ಉದ್ಯೋಗ ಏನೆಂದು ಹೇಳಬೇಕು ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭೇಟಿಗೆ ಮೂವರನ್ನೂ ಒಟ್ಟಿಗೆ ಬರಹೇಳಿದ್ದೇನೆ.